ಹಗಲು ಪಾಳಿಯ ಹಾಸಿಗೆ

ಹೊಸ ಊರಿಗೆ ಬಂದ ಮೊದಲ ವಾರದಲ್ಲೇ ಓದುಬರಹ ಬಲ್ಲ ಒಬ್ಬ ಯುವಕ ದೆವ್ವಕ್ಕೆ ಹೆದರಿ, ಎದ್ದೆನೋ ಬಿದ್ದೆನೋ ಎಂದು ಮೂರು ಮಹಡಿ ಇಳಿದು ಬೀದಿಯಲ್ಲಿ ನಿಂತು ಶರ್ಟಿನ ಗುಂಡಿ ಹಾಕಿಕೊಂಡ. ಅವನನ್ನು ‘ನಾನು’ ಎಂದು ಬರೆಯಲು ನಾಚಿಕೆಯಾಗುವುದರಿಂದ ‘ಹೊಸಬ’ ಎಂದಿಟ್ಟುಕೊಳ್ಳೋಣ. ಮನೆಯಮ್ಮ ಕರೆಯುತ್ತಿದ್ದುದೂ ಹಾಗೆಯೇ.

ಕೋಣೆ ಇದ್ದದ್ದು ಟೈರ್ ಅಂಗಡಿಯ ಮೇಲೆ. ಒಂದು ಕಬ್ಬಿಣದ ಮಂಚ, ಒಂದು ಹತ್ತಿಯ ಹಾಸಿಗೆ, ಗೋಡೆಗೆ ಮೂರು ಮೊಳೆ, ಕಿಟಕಿಯ ಕಟ್ಟೆಯ ಮೇಲೆ ಒಂದು ಸ್ಟೀಲ್ ಲೋಟ. ಮನೆಯಮ್ಮನ ಷರತ್ತು ಒಂದೇ: ಬೆಳಿಗ್ಗೆ ಏಳಕ್ಕೆ ಕೋಣೆ ಬಿಡಬೇಕು, ಸಂಜೆ ಎಂಟಕ್ಕೆ ಮೊದಲು ಮುಖ ತೋರಿಸಬಾರದು. ಹುಡುಗರು ಹಗಲು ಹೊತ್ತು ಬಿದ್ದುಕೊಳ್ಳದೆ ಕೆಲಸ ಹುಡುಕಲಿ ಎಂಬ ತಾಯಿಯ ಕಾಳಜಿ ಇದು ಎಂದು ಹೊಸಬ ತಿಳಿದ. ‘ದೇವರಂಥ ಹೆಂಗಸು ಕಣೇ ಅಕ್ಕ’ ಎಂದು ಊರಿಗೆ ಫೋನು ಮಾಡಿಯೂಬಿಟ್ಟ.

ಮೊದಲ ಸಂಜೆ ಬಂದು ಮಲಗಿದಾಗ ಹಾಸಿಗೆ ಬೆಚ್ಚಗಿತ್ತು. ಬಿಸಿಲು ಬಿದ್ದಿರಬೇಕು ಎಂದುಕೊಂಡ. ಕಿಟಕಿ ಬಿಸಿಲಿನ ಕಡೆ ಇರಲಿಲ್ಲ. ಎರಡನೆಯ ಸಂಜೆ ನೆಲದ ಮೇಲೆ ಬೆಳ್ಳಗೆ ಐದು ಬೆರಳಿನ ಪಾದಗಳು ಬಾಗಿಲಿನಿಂದ ಮಂಚದವರೆಗೆ ಬಂದಿದ್ದವು. ಮರಳಿ ಹೋದ ಗುರುತಿರಲಿಲ್ಲ. ಮೂರನೆಯ ಸಂಜೆ ಚಿಲಕದ ಮೇಲೆ ಬಿಳಿಯ ಅಂಗೈ. ದೆವ್ವಗಳ ಬಗ್ಗೆ ಅವನಿಗೆ ಇದ್ದ ತಿಳಿವಳಿಕೆ ಅಷ್ಟಕ್ಕಷ್ಟೆ: ಅವು ತಣ್ಣಗಿರುತ್ತವೆ. ಇದು ಬೆಚ್ಚಗಿತ್ತು. ಅವನು ಮೂರು ಮಹಡಿ ಇಳಿದು ಓಡಿದ್ದು ಆ ಕಾರಣಕ್ಕೇ.

ಬೀದಿಯಲ್ಲಿ ಗುಂಡಿ ಹಾಕಿಕೊಂಡು ಮುಗಿಸಿ, ಕೆಳಮನೆಯ ಬಾಗಿಲು ಬಡಿದ.

“ಅಮ್ಮ, ಆ ಕೋಣೇಲಿ ಏನೋ ಇದೆ.”

“ಇದೆ,” ಎಂದಳು ಮನೆಯಮ್ಮ, ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸದೆ. “ಹದಿನಾಲ್ಕು ವರ್ಷದಿಂದ ಇದೆ. ನಿನ್ನ ಹಾಗಲ್ಲ, ಒಂದನೇ ತಾರೀಕಿಗೆ ಸರಿಯಾಗಿ ಬಾಡಿಗೆ ಕೊಡುತ್ತೆ.”

“ಅಂದ್ರೆ?”

“ಅಂದ್ರೆ ಏನು? ನಿನಗೆ ಕೊಟ್ಟಿರೋದು ಹಾಸಿಗೆಯ ರಾತ್ರಿ ಪಾಳಿ. ಹಗಲು ಪಾಳಿ ಬೇಕರಿಯವನದು. ರಾತ್ರಿಯೆಲ್ಲ ಹಿಟ್ಟು ನಾದ್ತಾನೆ, ಹಗಲು ಬಂದು ಮಲಗ್ತಾನೆ. ಅರ್ಧ ಬಾಡಿಗೆಗೆ ಇಡೀ ಹಾಸಿಗೆ ಬರುತ್ತೆ ಅಂದ್ಕೊಂಡ್ಯಾ? ಎಲ್ಲಿಂದ ಬರ್ತೀರಪ್ಪ ನೀವೆಲ್ಲ!”

ಹೊಸಬ ಮೇಲೆ ಹೋಗಿ ಮಲಗಿದ. ಅಕ್ಕನಿಗೆ ಮಾತ್ರ ಆಗ ಹೇಳಲಿಲ್ಲ.

ಬೇಕರಿಯಣ್ಣನ ಜೊತೆಗಿನ ಅವನ ಸಂಸಾರ ಶುರುವಾದದ್ದು ಹೀಗೆ. ಇವನು ಏಳಕ್ಕೆ ಹೊರಟರೆ ಅವನು ಎಂಟಕ್ಕೆ ಬರುತ್ತಿದ್ದ. ಅವನು ಏಳಕ್ಕೆ ಹೊರಟರೆ ಇವನು ಎಂಟಕ್ಕೆ. ಬೇಕರಿಗೆ ರಜೆ ಎಂಬುದಿಲ್ಲ. ಅದಾದ ಮೂರನೆಯ ದಿನ ಲೋಟದ ಕೆಳಗೆ ಬ್ರೆಡ್ಡಿನ ಕಾಗದದ ಚೂರೊಂದು ಸಿಕ್ಕಿತು. ದಪ್ಪ ಅಕ್ಷರ, ಪೆನ್ಸಿಲ್ಲಿನದು: ‘ದಿಂಬಿಗೆ ತಲೆ ಎಣ್ಣೆ ಮೆತ್ತಬೇಡ. ಕಿಟಕಿ ಹಾಕಿ ಹೋಗು. ಕೆಲಸ ಸಿಕ್ತಾ?’

ಹೊಸಬ ‘ಇಲ್ಲ’ ಎಂದು ಬರೆದಿಟ್ಟ. ಮರುದಿನ ಮತ್ತೆ: ‘ಕೆಲಸ ಸಿಕ್ತಾ?’ ಇವನು ‘ಇಲ್ಲ.’ ಮತ್ತೆ ಮರುದಿನ ಅದೇ. ಎಲ್ಲ ಕಚೇರಿಗಳಲ್ಲೂ ‘ತಿಳಿಸ್ತೀವಿ’ ಅನ್ನಿಸಿಕೊಂಡು ಬಂದವನಿಗೆ ಗಾಯದ ಮೇಲೆ ಬೆರಳಿಟ್ಟ ಹಾಗಾಗುತ್ತಿತ್ತು. ಒಂದು ದಿನ ರೇಗಿ ಏನೂ ಬರೆಯದೆ ಹೋದ. ಆ ಸಂಜೆ ಲೋಟದ ಕೆಳಗೆ ಮೂರು ಚೀಟಿಗಳಿದ್ದವು. ‘ಯಾಕೆ ಬರೆದಿಲ್ಲ?’ ‘ಹುಷಾರಿದ್ದೀಯಾ?’ ಮೂರನೆಯದರ ಪೆನ್ಸಿಲ್ಲು ಕಾಗದವನ್ನೇ ಹರಿದಿತ್ತು: ‘ಬರಿ. ಏನಾದರೂ ಬರಿ.’

ಅವತ್ತಿನಿಂದ ಹೊಸಬನಿಗೆ ಆ ಅಕ್ಷರಗಳನ್ನು ಕಂಡರೆ ಒಂದು ಬಗೆಯ ಭಯ. ಉತ್ತರ ಮಾತ್ರ ತಪ್ಪಿಸಲಿಲ್ಲ. ಹನ್ನೊಂದನೆಯ ‘ಇಲ್ಲ’ ಮುಗಿದ ಮೇಲೆ ಚೀಟಿ ಬಂತು: ‘ಸ್ಟೇಷನ್ ಹಿಂದೆ ಕನ್ನಡಿ ಅಂಗಡಿ. ನಾನು ಕಳಿಸಿದ್ದು ಅನ್ನು.’

ಕನ್ನಡಿ ಅಂಗಡಿಯ ಯಜಮಾನ ಇವನನ್ನು ಮೇಲಿಂದ ಕೆಳಗೆ ನೋಡಿದ. “ಬೇಕರಿಯಣ್ಣ ಕಳಿಸಿದ್ರಾ? ಹೇಗಿದ್ದಾರೆ? ಕೂದಲು ಎಲ್ಲ ಬೆಳ್ಳಗಾಗಿರಬೇಕು, ಅಲ್ವಾ?”

“ಸ್ವಲ್ಪ ಬೆಳ್ಳಗಾಗಿದೆ ಸಾರ್,” ಎಂದ ಹೊಸಬ, ಕೆಲಸ ಸಿಗುವುದಾದರೆ ಹಸಿರು ಎನ್ನಲೂ ಸಿದ್ಧನಿದ್ದವನು.

“ಅವರಿಗೆ ಕೂದಲೇ ಇಲ್ಲ ಮಾರಾಯ!”

ಹೊಸಬ ತಲೆ ತಗ್ಗಿಸಿದ. ಯಜಮಾನ ಹೊಟ್ಟೆ ಹಿಡಿದುಕೊಂಡು ನಕ್ಕ. “ಹೋಗಲಿ ಬಿಡು. ನಾನೂ ನೋಡಿಲ್ಲ. ಎರಡು ವರ್ಷ ಆ ಹಾಸಿಗೆ ಮೇಲೆ ಮಲಗಿದ್ದೀನಿ, ದಿಂಬಿನ ಮೇಲೆ ಒಂದು ಕೂದಲು ಸಿಗಲಿಲ್ಲ. ಬೋಳು ಅಂತ ನನ್ನ ಲೆಕ್ಕ. ನಾಳೆಯಿಂದ ಬಾ. ಗ್ಲೌಸ್ ಹಾಕದೆ ಗಾಜು ಮುಟ್ಟಿದರೆ ಆವತ್ತೇ ಮನೆಗೆ.”

ಹೀಗೆ ಹೊಸಬನಿಗೆ ಕೆಲಸ ಸಿಕ್ಕಿತು. ಕೆಲಸದ ಹಿಂದೆಯೇ ಊರೂ ಸಿಕ್ಕಿತು. ಆ ಹಾಸಿಗೆಯ ರಾತ್ರಿ ಪಾಳಿ ಮುಗಿಸಿ ಹೋದವರು ಒಂಬತ್ತು ಜನ. ಒಬ್ಬ ಬಸ್ ಕಂಡಕ್ಟರು, ಒಬ್ಬ ಔಷಧಿ ಅಂಗಡಿಯವನು, ಒಬ್ಬ ಲಿಫ್ಟ್ ರಿಪೇರಿಯವನು. ಕನ್ನಡಿ ಯಜಮಾನ ಒಬ್ಬೊಬ್ಬರನ್ನೇ ಪರಿಚಯ ಮಾಡಿಸಿದ. ಒಬ್ಬನು ಇವನಿಗೆ ಹಳೆಯ ಸೈಕಲ್ ಕೊಟ್ಟ, ಇನ್ನೊಬ್ಬ ಹಲ್ಲುನೋವಿಗೆ ಡಾಕ್ಟರನ್ನು ತೋರಿಸಿದ. ಎಲ್ಲರಿಗೂ ಮೊದಲ ಕೆಲಸ ಕೊಡಿಸಿದ್ದು ಬೇಕರಿಯಣ್ಣನ ಚೀಟಿ. ಅವನನ್ನು ಕಣ್ಣಾರೆ ಕಂಡವನು ಒಬ್ಬನೂ ಇಲ್ಲ. ಉದ್ದ ಎಂದು ಕಂಡಕ್ಟರು, ಕುಳ್ಳ ಎಂದು ಲಿಫ್ಟಿನವನು ಆಣೆ ಇಟ್ಟು ಜಗಳವಾಡುತ್ತಿದ್ದರು.

“ಒಮ್ಮೆ ಹೋಗಿ ನೋಡಬಹುದಿತ್ತಲ್ಲ ಸಾರ್?” ಎಂದು ಹೊಸಬ ಯಜಮಾನನನ್ನು ಕೇಳಿದ.

“ಹೋಗಿದ್ದೆ. ಮಧ್ಯಾಹ್ನ ಬಾಗಿಲು ತಟ್ಟಿದೆ. ‘ಯಾರು?’ ಅಂದ್ರು. ಹೇಳಿದೆ. ‘ಬದುಕಿದ್ದೀಯಲ್ಲ, ಹೋಗು’ ಅಂದ್ರು.” ಯಜಮಾನ ಗಾಜು ಒರೆಸುತ್ತ ಮುಂದುವರಿಸಿದ. “ನಮ್ಮೆಲ್ಲರಿಗಿಂತ ಮೊದಲು ಅಲ್ಲಿ ಒಬ್ಬ ಇದ್ದನಂತೆ. ಕೆಲಸ ಸಿಗದೆ ಅಲೆದು ಅಲೆದು ಆ ಕೋಣೇಲೇ ಹೋದನಂತೆ. ಎದೆನೋವೋ, ಹಸಿವೋ, ಯಾರಿಗೆ ಗೊತ್ತು. ನೀನು ಬೇಗ ಬೇರೆ ಕೋಣೆ ನೋಡ್ಕೊ. ಆ ಹಾಸಿಗೆ ಬಿಟ್ಟು ಎಂಟು ವರ್ಷ ಆಯ್ತು, ಈಗಲೂ ನಾನು ಮಂಚದ ಅಂಚಿಗೇ ಮಲಗೋದು. ‘ಬೀಳ್ತೀರಾ, ಒಳಗೆ ಬನ್ನಿ’ ಅಂತ ಹೆಂಡತಿ ದಿನಾ ಎಳೀತಾಳೆ.”

ಆ ಸಂಜೆ ಹೊಸಬ ಮನೆಯಮ್ಮನನ್ನು ಕೇಳಿದ: “ಅಮ್ಮ, ಆವಾಗಿನ ಹಾಸಿಗೆ ಬದಲಾಯಿಸಿದ್ದೀರಿ ತಾನೇ?”

“ದಿಂಬಿನ ಕವರು ಬದಲಾಯಿಸಿದೆ,” ಎಂದಳು ಆಕೆ.

ಅವನು ದೀಪದ ಬೆಳಕಿನಲ್ಲಿ ಹಾಸಿಗೆಯನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದ. ಹೊರಗಿನ ಅಂಚಿನಲ್ಲಿ, ಮೊಣಕಾಲು ಮಡಚಿ ಮಗ್ಗುಲಾದ ಒಬ್ಬ ಮನುಷ್ಯನಷ್ಟು ಕುಳಿ. ಗೋಡೆಯ ಕಡೆಯ ಅರ್ಧ, ಯಾರೂ ಮಲಗದ ಹಾಗೆ, ಉಬ್ಬಿಕೊಂಡೇ ಇತ್ತು. ತಾನೂ ಎರಡು ತಿಂಗಳಿಂದ ಆ ಕುಳಿಯಲ್ಲೇ, ಅದೇ ಮಗ್ಗುಲಿಗೆ, ಅದೇ ಮಡಚಿದ ಕಾಲಲ್ಲಿ ಮಲಗುತ್ತಿದ್ದೇನೆ ಎಂದು ಆಗ ಹೊಳೆಯಿತು. ಹಗಲೆಲ್ಲ ನಲವತ್ತು ಕನ್ನಡಿಗಳಲ್ಲಿ ತನ್ನದೇ ಮೂತಿ ನೋಡಿ ಸಾಕಾಗಿ ಬಂದವನಿಗೆ, ಇಲ್ಲಿ ಮುಖವೇ ಇಲ್ಲದ ಒಬ್ಬನ ಮೈ ತನ್ನ ಮೈಯನ್ನು ತಿದ್ದುತ್ತಿದೆ ಅನ್ನಿಸಿತು.

“ರೂಮಲ್ಲಿ ಜೊತೆಗೆ ಯಾರೋ ಇದ್ದಾರೆ ಅಂದೆಯಲ್ಲ, ಹೇಗಿದ್ದಾರೋ?” ಎಂದು ಅಕ್ಕ ಫೋನಿನಲ್ಲಿ ಕೇಳಿದಳು.

“ಬೆಚ್ಚಗಿದ್ದಾರೆ,” ಎಂದ ಹೊಸಬ.

“ನಿನಗೆ ಜ್ವರ ಗಿರ ಬಂದಿದೆಯೇನೋ?”

ಮೂರನೆಯ ತಿಂಗಳ ಒಂದು ಬುಧವಾರ ಹಾಸಿಗೆ ತಣ್ಣಗಿತ್ತು.

ನೆಲದ ಮೇಲೆ ಹಿಟ್ಟಿಲ್ಲ, ಲೋಟದ ಕೆಳಗೆ ಇವನದೇ ಚೀಟಿ ಹಾಗೇ ಇತ್ತು. ಗುರುವಾರವೂ ತಣ್ಣಗೆ. ಶುಕ್ರವಾರ ಅವನು ಮಂಚ ಹತ್ತಲಾರದೆ ನೆಲದ ಮೇಲೆ ಪೇಪರು ಹಾಸಿಕೊಂಡ. ಬೆಳಿಗ್ಗೆ ಕೇಳಿದರೆ ಮನೆಯಮ್ಮ ಭುಜ ಹಾರಿಸಿದಳು: “ಭಾನುವಾರದ ತನಕ ನೋಡ್ತೀನಿ. ಆಮೇಲೆ ಹಗಲು ಪಾಳಿ ಬೇರೆಯವರಿಗೆ. ಖಾಲಿ ಹಾಸಿಗೆ ನನಗೆ ಅನ್ನ ಹಾಕುತ್ತಾ?”

ಬೇಕರಿಯಲ್ಲಿ ಮೇಲ್ವಿಚಾರಕ ಇನ್ನೂ ಚುಟುಕಾಗಿ ಮುಗಿಸಿದ. “ಬುಧವಾರ ಬೆಳಿಗ್ಗೆ ಕೆಲಸ ಮುಗಿಸಿ ಹೋದ, ಬರಲಿಲ್ಲ. ಬೇರೆಯವನನ್ನ ಹಾಕ್ಕೊಂಡಿದ್ದೀವಿ.”

“ನೋಡೋಕೆ ಹೇಗಿದ್ದಾರೆ ಅಂತ ಹೇಳ್ತೀರಾ?”

“ಹೇಗಿರ್ತಾನೆ? ಬೆಳ್ಳಗಿರ್ತಾನೆ. ತಲೆಗೆ ಟೋಪಿ, ಮುಖಕ್ಕೆ ಬಟ್ಟೆ. ಇಲ್ಲಿ ಎಲ್ಲರೂ ಬೆಳ್ಳಗೇ ಇರ್ತಾರೆ. ನೀನು ಏನಾಗಬೇಕು ಅವನಿಗೆ?”

ಹೊಸಬ ಅಲ್ಲಿಂದ ಹೊರಟ. ಕೋಣೆಗೆ ವಾಪಸು ಬಂದು ಅಂಗಡಿಯ ಟೇಪು ಹಿಡಿದು ಕುಳಿಯನ್ನು ಅಳೆದ. ತಲೆಯಿಂದ ಮಡಚಿದ ಹಿಮ್ಮಡಿಯವರೆಗೆ ನಾಲ್ಕಡಿ ಒಂದಂಗುಲ. ಭುಜದ ಕಡೆ ಆಳ ಹೆಚ್ಚು, ನಾದುವವರ ಭುಜವಲ್ಲವೇ. ಕಾಗದದಲ್ಲಿ ಗುರುತು ಹಾಕಿಕೊಂಡು ಅಂಗಡಿಗೆ ಓಡಿದ. ಯಜಮಾನ ಅದನ್ನು ನೋಡಿ, ‘ಆಸ್ಪತ್ರೇಲಿ ಕೇಳೋಣ’ ಎಂದು ಶಟರ್ ಎಳೆದು ಅವನ ಜೊತೆಗೇ ದೊಡ್ಡಾಸ್ಪತ್ರೆಗೆ ಬಂದ.

“ಬುಧವಾರದಿಂದ ಹೆಸರು ಗೊತ್ತಿಲ್ಲದೆ ಸೇರಿಸಿರೋರು ಮೂರು ಜನ,” ಎಂದಳು ವಾರ್ಡಿನ ಸಿಸ್ಟರ್. “ಒಬ್ಬರಿಗೆ ಬೈಕು ಗುದ್ದಿದೆ, ತಲೆಗೆ ಏಟು. ಮಾತಾಡ್ತಾರೆ, ಆದರೆ ಏನು ಕೇಳಿದರೂ ‘ಮಲಗೋಕೆ ಬಿಡಿ’ ಅಂತಾರೆ. ಯಾರೂ ಬರದಿದ್ದರೆ ನಾಳೆ ಎಲ್ಲರನ್ನೂ ಅನಾಥಾಶ್ರಮಕ್ಕೆ ಕಳಿಸ್ತೀವಿ. ನಿಮ್ಮವರು ಯಾರು?”

“ನಮ್ಮಣ್ಣ.”

“ಗುರುತು?”

ಹೊಸಬ ಕಾಗದ ಕೊಟ್ಟ. ಸಿಸ್ಟರ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಇದು ಅಣ್ಣನ ಅಳತೆಯೋ, ಕಿಟಕಿಯದೋ?”

ವಾರ್ಡಿನಲ್ಲಿ ಮೈ ಒರೆಸಿ, ಆಸ್ಪತ್ರೆಯ ಬಟ್ಟೆ ಹಾಕಿ, ಎಲ್ಲರನ್ನೂ ಒಂದೇ ಥರ ಮಾಡಿದ್ದರು. ಹಿಟ್ಟಿನ ಗುರುತು ಎಲ್ಲೂ ಇರಲಿಲ್ಲ. ಒಬ್ಬ ಅಂಗಾತ ಮಲಗಿದ್ದ. ಇನ್ನೊಬ್ಬ ಕೂತಿದ್ದ. ಮೂರನೆಯವನು ತಲೆಗೆ ದಪ್ಪ ಬ್ಯಾಂಡೇಜು ಸುತ್ತಿಕೊಂಡು, ಇಷ್ಟಗಲದ ಮಂಚದ ತುದಿಯಲ್ಲಿ, ಬೆನ್ನ ಹಿಂದೆ ಒಬ್ಬನಿಗಾಗುವಷ್ಟು ಜಾಗ ಬಿಟ್ಟು, ಮೊಣಕಾಲು ಮಡಚಿ ನಿದ್ದೆ ಹೋಗಿದ್ದ. ಹೊಸಬನಿಗೆ ತಾನು ಮಲಗಿದ್ದನ್ನು ತಾನೇ ನಿಂತು ನೋಡಿದಂತಿತ್ತು. ಟೇಪು ತೆಗೆಯಲೇ ಇಲ್ಲ.

“ಇವರೇ.”

ಸಿಸ್ಟರ್ ಕೊಟ್ಟ ಹಾಳೆಯಲ್ಲಿ, ಸಂಬಂಧ ಎಂದಿದ್ದ ಕಡೆ ‘ತಮ್ಮ’ ಎಂದು ಬರೆದು ಸಹಿ ಹಾಕಿದ. ಅಷ್ಟರಲ್ಲಿ ಮಂಚದ ಮೇಲಿನವನು ಕಣ್ಣು ಬಿಡದೆಯೇ ಮೂಗು ಅರಳಿಸಿದ.

“ತಲೆ ಎಣ್ಣೆ. ನೀನಾ, ರಾತ್ರಿಯವನು?”

“ಹೌದಣ್ಣ.”

“ಕೆಲಸಕ್ಕೆ ಹೋಗಿಲ್ವಾ ಇವತ್ತು?”

ಐವತ್ತು ದಾಟಿದ, ಬೀದಿಯಲ್ಲಿ ಹಾದುಹೋದರೆ ಯಾರೂ ತಿರುಗಿ ನೋಡದಂಥ ಮುಖ. ಕನ್ನಡಿ ಯಜಮಾನ ಕಾಲ ಬಳಿ ನಿಂತು ಕರ್ಚೀಫಿನಿಂದ ಕಣ್ಣೊತ್ತಿಕೊಳ್ಳುತ್ತ, “ದೇವರು ಕಣೋ ಇವರು, ದೇವರು” ಎಂದು ಪಿಸುಗುಟ್ಟುತ್ತಿದ್ದ. ಹತ್ತು ಜನರ ಬದುಕು ಕಟ್ಟಿಕೊಟ್ಟವನು, ನಾಲ್ಕು ದಿನ ಒಬ್ಬರ ಹೆಸರನ್ನೂ ಹೇಳದೆ ಬಿದ್ದಿದ್ದನಲ್ಲ ಎಂದು ಹೊಸಬನಿಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಕೇಳಬಾರದ್ದನ್ನು ಕೇಳಿಯೇಬಿಟ್ಟ.

“ನಮ್ಮ ಮುಖ ನೋಡಿಲ್ಲ, ಹೆಸರು ಗೊತ್ತಿಲ್ಲ. ಆದರೂ ಎಲ್ಲರಿಗೂ ಕೆಲಸ ಕೊಡಿಸಿದ್ರಿ. ನಮ್ಮ ಮೇಲೆ ಅಷ್ಟೊಂದು ಪ್ರೀತಿ ಯಾಕಣ್ಣ? ಆ ಮೊದಲನೆಯವನು ನಿಮಗೆ ಏನಾಗಬೇಕಿತ್ತು?”

ಬೇಕರಿಯಣ್ಣ ಕಣ್ಣು ಬಿಟ್ಟು ಅವನನ್ನು ನೋಡಿದ.

“ಏನೂ ಆಗಬೇಕಿರಲಿಲ್ಲ. ಪ್ರೀತಿಯೂ ಇಲ್ಲ, ಮಣ್ಣೂ ಇಲ್ಲ. ಬೆಳಿಗ್ಗೆ ಬಂದೆ, ಇನ್ನೂ ಮಲಗಿದ್ದ. ಸೋಮಾರಿ, ಇವತ್ತೂ ಹೊರಟಿಲ್ಲ ಅಂತ ಬೈದು, ಪಕ್ಕದಲ್ಲೇ ಮಲಗಿದೆ. ಸಂಜೆ ಎದ್ದಾಗಲೇ ಗೊತ್ತಾಗಿದ್ದು. ಹೆಣದ ಪಕ್ಕ ಇನ್ನೊಂದು ಹಗಲು ಮಲಗೋಕೆ ನನ್ನ ಕೈಲಾಗಲ್ಲ, ಅದಕ್ಕೇ.”