ಬೆಳಕು ಬರುವ ಮೊದಲೇ ಒತ್ತಿದವನು

ನನ್ನ ಕಣ್ಣಿನ ಬಗ್ಗೆ ಅಭಿಪ್ರಾಯವಿಲ್ಲದ ಮನುಷ್ಯ ನಮ್ಮ ನೆಂಟರಲ್ಲಿ ಒಬ್ಬನೂ ಉಳಿದಿಲ್ಲ. ಗ್ಲಾಕೋಮಾ ಎಂದು ಡಾಕ್ಟರು ಹೇಳಿದ ವಾರದೊಳಗೆ ಕಂಬೈನಲ್ಲೂರಿನಿಂದ ನನ್ನ ಷಡ್ಡಕ ಒಂದು ಚೀಲ ಹೊನಗೊನ್ನೆ ಸೊಪ್ಪು ಹಿಡಿದು ಬಸ್ಸಿಳಿದ. "ಅಣ್ಣ, ನಲವತ್ತೆಂಟ್ ದಿನ ಇದ್ನ ತಿನ್ನು. ಆ ಸೊಟ್ಟು ಮರುಂದೆಲ್ಲ ಎತ್ತಿ ಬಿಸಾಕು" ಎಂದು ಡಾಕ್ಟರು ಕೊಟ್ಟ ಕಣ್ಣಿನ ಹನಿ ತೋರಿಸಿದ. ಹೇಳಿದವನ ಮೂಗಿನ ಮೇಲೆ ಸೋಡಾಬುಡ್ಡಿ ಕನ್ನಡಕ. ಹುಟ್ಟಿದಾಗಿನಿಂದ ಅದೇ ಸೊಪ್ಪು ತಿಂದು ಬೆಳೆದವನು ಅವನು. ಹೆಂಡತಿ ಬೇಳೆ ಹಾಕಿ ಸೊಪ್ಪು ಬೇಯಿಸಿದಳು, ರುಚಿಯಾಗಿತ್ತು. ಕಣ್ಣಿಗೆ ಹನಿ ಬಿಡುವುದನ್ನು ಮಾತ್ರ ನಾನು ನಿಲ್ಲಿಸಲಿಲ್ಲ.

ಹಾಗಂತ ನಾನೇನು ದೊಡ್ಡ ಬುದ್ಧಿವಂತ ಎಂದುಕೊಳ್ಳಬೇಡಿ. ಈ ಕಥೆಯಲ್ಲಿ ಎಲ್ಲರಿಗಿಂತ ದೊಡ್ಡ ದಡ್ಡ ಮುಂದೆ ಬರುತ್ತಾನೆ.

ನಾನು ಸೇಲಂ ಪಕ್ಕದ ನೇಕಾರ. ನಲವತ್ತು ವರ್ಷ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೈಮಗ್ಗದಲ್ಲಿ ರೇಷ್ಮೆ ಸೀರೆ ನೇಯ್ದಿದ್ದೇನೆ. ಕಾಲು ತುಳಿಯಬೇಕು, ಲಾಳಿ ಓಡಬೇಕು, ಹಲಗೆ ಎಳೆದು ಬಡಿಯಬೇಕು. ಮತ್ತೆ ಕಾಲು, ಮತ್ತೆ ಲಾಳಿ. ಇಷ್ಟು ವರ್ಷ ಇದೇ ಲಯದಲ್ಲಿ ಕೂತ ಕೈಗೆ ಕಣ್ಣಿನ ಅಪ್ಪಣೆ ಬೇಕಾಗುವುದಿಲ್ಲ. ಅದು ನನ್ನ ಹೆಮ್ಮೆಯಾಗಿತ್ತು. ಆ ಹೆಮ್ಮೆಯನ್ನೇ ಹೊತ್ತುಕೊಂಡು ಕಣ್ಣಾಸ್ಪತ್ರೆಗೂ ಹೋದೆ.

ಅಲ್ಲಿ ಒಂದು ಮಿಷನ್ನು. ಬಿಳಿ ಬೋಗುಣಿಯಂಥದ್ದರೊಳಗೆ ಗದ್ದ ಊರಿ ಕೂರಬೇಕು. ನಟ್ಟ ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಸಣ್ಣ ಬೆಳಕು ಮಿನುಗಿದರೆ ಕೈಯಲ್ಲಿರುವ ಬಟನ್ ಒತ್ತಬೇಕು. "ಅಯ್ಯಾ, ವೆಳಿಚ್ಚಂ ತೆರಿಂಜಾ ಮಟ್ಟುಂ ಅಮುಕ್ಕುಂಗ" ಎಂದಳು ಅಲ್ಲಿದ್ದ ಹುಡುಗಿ. ಬೆಳಕು ಕಂಡರೆ ಮಾತ್ರ ಒತ್ತಿ, ಅಷ್ಟೇ. ಇದೊಂದು ಪರೀಕ್ಷೆಯೇ ಎಂದು ನನಗೆ ನಗು ಬಂತು. ಟಕ್, ಟಕ್, ಟಕ್. ಒಂದೇ ಹದದಲ್ಲಿ ಒತ್ತುತ್ತಾ ಹೋದೆ. ಮುಗಿಸಿ ಹೊರಗೆ ಬಂದು ಹೆಂಡತಿಗೆ "ಪಾಸು" ಎಂದೆ.

ಡಾಕ್ಟರು ನನ್ನ ಮಗಳ ವಯಸ್ಸಿನ ಹೆಂಗಸು. ಕಾಗದ ನೋಡಿ ಹುಬ್ಬು ಗಂಟಿಕ್ಕಿದರು. ಬೆಳಕೇ ಬಾರದ ಹೊತ್ತಿನಲ್ಲೂ ನಾನು ಒತ್ತಿದ್ದೇನಂತೆ. ಮಿಷನ್ನು ಅದನ್ನೂ ಗುರುತು ಮಾಡಿಕೊಳ್ಳುತ್ತದಂತೆ. ಎಡಗಡೆಯ ನೋಟ ಬಹಳ ಹೋಗಿರುವ ಹಾಗಿದೆ, ಹೋದದ್ದು ಮತ್ತೆ ಬರುವುದಿಲ್ಲ, ಎಷ್ಟು ಉಳಿದಿದೆ ಎಂದು ಸರಿಯಾಗಿ ತಿಳಿಯಲು ಮುಂದಿನ ವಾರ ಇನ್ನೊಮ್ಮೆ ಬನ್ನಿ, ಅಲ್ಲಿಯವರೆಗೆ ಗಾಡಿ ಮುಟ್ಟಬೇಡಿ ಎಂದರು. ಹೆಂಡತಿ ಪಕ್ಕದಲ್ಲೇ ಕೂತು ಒಂದೊಂದು ಮಾತನ್ನೂ ಕೇಳಿಸಿಕೊಂಡಳು. ನಾನು ಮಿಷನ್ನೇ ಸರಿಯಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮುಂದಿನ ವಾರ ಹೋಗಲಿಲ್ಲ. ನಾಲ್ಕು ತಿಂಗಳು ಹೋಗಲಿಲ್ಲ.

ಈ ನಡುವೆ ಲೈಸೆನ್ಸ್ ಹೊಸದು ಮಾಡಿಸುವ ಸಮಯ ಬಂತು. ಅದಕ್ಕೆ ಡಾಕ್ಟರ ಸರ್ಟಿಫಿಕೇಟು ಬೇಕು. ಜೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ ಒಬ್ಬ ಮಹಾನುಭಾವ ಡಾಕ್ಟರ ಬೋರ್ಡು ಹಾಕಿಕೊಂಡು ಕೂತಿದ್ದ. ಅವನು ತಲೆ ಎತ್ತದೆ ಸಹಿ ಹಾಕಿದ. ನನಗೆ ಕಣ್ಣಿದೆಯೋ ಇಲ್ಲವೋ, ಮೂಗಿದೆಯೋ ಇಲ್ಲವೋ ಅವನಿಗೆ ಬೇಕಾಗಿರಲಿಲ್ಲ. ಅಂಥವನನ್ನು ಇವತ್ತು ಬೈಯುವುದು ಸುಲಭ. ಆವತ್ತು ಮಾತ್ರ ಅವನಿಗೆ ಕೈಮುಗಿದು, ಗೆದ್ದವನ ಹಾಗೆ ಮನೆಗೆ ಬಂದೆ.

ನನ್ನ ಗಾಡಿ ಒಂದು ಹಳೆಯ ಮೊಪೆಡ್. ಹೆಂಡತಿ ಸರ್ಕಾರಿ ಶಾಲೆಯಲ್ಲಿ ಮಕ್ಕಳ ಮಧ್ಯಾಹ್ನದ ಊಟಕ್ಕೆ ಅಡಿಗೆ ಮಾಡುತ್ತಾಳೆ. ದಿನಾ ಬೆಳಿಗ್ಗೆ ಅವಳನ್ನು ಹಿಂದೆ ಕೂರಿಸಿಕೊಂಡು ಹೋಗಿ ಶಾಲೆಯ ಎದುರು ಇಳಿಸುವುದು ನನ್ನ ಕೆಲಸ.

"ನಾನ್ ನಡ್ಕೊಂಡೇ ಓಯ್ತೀನಿ. ಮಕ್ಳು ಓಡಾಡೋ ಜಾಗ ಅದು. ಗಾಡಿ ಬುಟ್ಬುಡಿ" ಎಂದು ಅವಳು ಎಷ್ಟು ಸಲ ಹೇಳಿದಳೋ.

"ಈ ರೋಡು ನಂಗೆ ಕಣ್ ಮುಚ್ಕೊಂಡ್ರೂ ಗೊತ್ತೈತೆ, ಸುಮ್ಕೆ ಕೂತ್ಕೊ" ಎನ್ನುತ್ತಿದ್ದೆ. ಕಣ್ಣು ಮುಚ್ಚಿಕೊಂಡೇ ಓಡಿಸುತ್ತಿದ್ದೇನೆ ಎಂಬುದು ಈ ಮಹಾಪಂಡಿತನಿಗೆ ಹೊಳೆಯಲಿಲ್ಲ. ಹಾಲಿನ ಡಿಪೋ ಕಳೆದ ಮೇಲೆ ಇಷ್ಟು ಹೊತ್ತಿಗೆ ಹಂಪ್, ಹಂಪ್ ಆದ ಮೇಲೆ ಇಷ್ಟು ಹೊತ್ತಿಗೆ ತಿರುವು. ಎಲ್ಲವೂ ಮಗ್ಗದ ಲೆಕ್ಕ. ಎಡಗಡೆ ಏನೂ ಕಾಣದಿದ್ದರೆ ಎಡಗಡೆ ಏನೂ ಇಲ್ಲ ಎಂದುಕೊಂಡೆ. ಹಗಲು ಕಂಡ ಬಾವಿಗೆ ಇರುಳು ಬೀಳುವವರನ್ನು ನೋಡಿ ನಗುತ್ತಾರೆ. ನಾನು ಹಾಡುಹಗಲಲ್ಲೇ ಬೀಳಲು ಹೊರಟಿದ್ದೆ.

ಅವಳು ಇಳಿಯುವುದಕ್ಕೂ ಒಂದು ಲೆಕ್ಕವಿತ್ತು. ಎಡಕ್ಕೆ ಇಳಿಯುತ್ತಾಳೆ, ಸೆರಗು ಸರಿಮಾಡಿಕೊಳ್ಳುತ್ತಾಳೆ, ಗಾಡಿಯ ಹಿಂದಿನಿಂದ ಬಳಸಿ ರೋಡು ದಾಟುತ್ತಾಳೆ. ಹತ್ತು ಸಲ ಲಾಳಿ ಓಡುವಷ್ಟು ಹೊತ್ತು. ಹತ್ತು ಮುಗಿದರೆ ನಾನು ಹೊರಡುತ್ತೇನೆ. ತಿರುಗಿ ನೋಡುವ ಪದ್ಧತಿಯೇ ಇಲ್ಲ.

ಆ ದಿನ ಪೈಪು ಒಡೆದು ಗಾಡಿಯ ಹಿಂದೆ ನೀರು ನಿಂತಿತ್ತು. ಅವಳು ಮುಂದಿನಿಂದ ಬಳಸಿದಳು. ನಾನು ಬಲಕ್ಕೆ ಬಸ್ಸು ಬರುತ್ತದೇನೋ ನೋಡಿದೆ, ಹತ್ತು ಎಣಿಸಿದೆ, ಗಾಡಿ ಮುಂದೆ ಬಿಟ್ಟೆ. ಏನೋ ಮೆತ್ತಗೆ ತಗುಲಿತು. ಆಮೇಲೆ ಬಳೆ ಒಡೆದ ಸದ್ದು. ಆಗಲೂ ಯಾರೋ ಅಡ್ಡ ಬಂದರೆಂದು ಬೈಯಲು ಬಾಯಿ ತೆರೆದಿದ್ದೆ. ಅಂಥ ಜಾತಿ ನಾನು.

ನೆಲದ ಮೇಲೆ ನನ್ನ ಹೆಂಡತಿ ಕೂತಿದ್ದಳು. ಮೊಣಕೈ ತರಚಿ ರಕ್ತ ಬರುತ್ತಿತ್ತು. ಗೇಟಿನಿಂದ ಇಬ್ಬರು ಪುಟ್ಟ ಹೆಣ್ಣುಮಕ್ಕಳು ಓಡಿ ಬಂದು ಅವಳ ಕೈ ಹಿಡಿದರು. ಅವಳ ಭುಜದವರೆಗೂ ಬಾರದ ಮಕ್ಕಳು. ಅವರನ್ನು ನೋಡಿ ಗಾಡಿಯ ಎಂಜಿನ್ ಆರಿಸಿದೆ. ಇವರಲ್ಲಿ ಒಬ್ಬಳಾಗಿದ್ದರೆ ಎಂದು ಯೋಚಿಸುವುದಕ್ಕೂ ಹೆದರಿದೆ.

ಅವಳು ಬಳೆಚೂರು ಮಕ್ಕಳ ಕಾಲಿಗೆ ಚುಚ್ಚಬಾರದೆಂದು ಒಂದೊಂದೇ ಆರಿಸಿ ಮಡಿಲಿಗೆ ಹಾಕಿಕೊಂಡಳು. ಎದ್ದು ನಿಂತು ನನ್ನ ಮುಖ ನೋಡಿದಳು.

"ಬೆಳಕೇ ಬರ್ಲಿಲ್ವಲ್ಲ, ಯಾಕ್ ಒತ್ತುದ್ರಿ?" ಎಂದು ಕೇಳಿದಳು.

ಹಾಗೆಂದವಳೇ ಒಲೆ ಹಚ್ಚಲು ಶಾಲೆಯ ಒಳಗೆ ಹೋದಳು. ನಾನು ಗಾಡಿಯನ್ನು ತಳ್ಳಿಕೊಂಡು ಮನೆಯ ಕಡೆ ನಡೆದೆ. ನಾಲ್ಕು ಹೆಜ್ಜೆಗೊಮ್ಮೆ ನಿಂತು, ಕುತ್ತಿಗೆ ಪೂರ್ತಿ ತಿರುಗಿಸಿ ಎಡಗಡೆ ನೋಡಿದೆ. ಆ ರೋಡಿನ ಎಡಬದಿಯಲ್ಲಿ, ಶಾಲೆಯಿಂದ ಹಾಲಿನ ಡಿಪೋವರೆಗೂ, ಬ್ಯಾಗು ಹೊತ್ತ ಮಕ್ಕಳು ಸಾಲಾಗಿ ಎದುರು ಬರುತ್ತಿದ್ದರು.