ಶಿವರತ್ನಮ್ಮನಿಗೆ ಸಿಗದ ಟೋಕನ್

ಕೊಳ್ಳೇಗಾಲದಲ್ಲಿ ಕೋಮಲ ಮತ್ತು ಬಸವಕುಮಾರ್ ಜೊತೆಯಾಗಿ ವೆಬ್‌ಸೈಟ್ ಮಾಡಿಕೊಡುವ ಅಂಗಡಿ ನಡೆಸುತ್ತಾರೆ. ಪಕ್ಕದ ಕ್ಲಿನಿಕ್‌ಗೆ ಟೋಕನ್ ಪಡೆಯುವ ಪುಟ ಮಾಡಿದ್ದು ಅವರೇ. ಮೊನ್ನೆ ಮುಳ್ಳೂರಿನ ಶಿವರತ್ನಮ್ಮ ಮಂಡಿನೋವಿನಲ್ಲಿ ಕುಂಟುತ್ತಾ ಅಂಗಡಿಗೇ ಬಂದರು.

"ಫೋನಲ್ಲೇ ಟೋಕನ್ ತಕಬೇಕಂತೆ. ಎಷ್ಟು ಒತ್ತಿದ್ರೂ ಬತ್ತಾ ಇಲ್ಲ ಕಣವ್ವ."

ಬಸವಕುಮಾರ್ ತಲೆಯೆತ್ತದೆ, "ನನ್ ಕಂಪ್ಯೂಟರಲ್ಲಿ ಸರಿಯಾಗೇ ಅದೆ. ಒಸ ಫೋನ್ ತಕಳಿ" ಅಂದ.

ಕೋಮಲಳಿಗೆ ಮೈಯೆಲ್ಲ ಉರಿಯಿತು. ಶಿವರತ್ನಮ್ಮನ ಹಳೆಯ ಫೋನನ್ನು ಕಂಪ್ಯೂಟರಿಗೆ ಜೋಡಿಸಿ ನೋಡಿದಳು. ಪುಟದಲ್ಲಿ ಟೋಕನ್ ಬಟನ್ ಹುಡುಕಲು ಬಸವಕುಮಾರ್ ಬರೆದಿದ್ದ ಕೋಡ್ ಸಾಲು, ಅಂದರೆ ಸೆಲೆಕ್ಟರ್, ಹೊಸ ಬ್ರೌಸರ್‌ಗಳಿಗೆ ಮಾತ್ರ ಅರ್ಥವಾಗುವಂಥದ್ದು. ಹಳೆಯ ಬ್ರೌಸರ್‌ನಲ್ಲಿ ಪುಟವನ್ನು ನಡೆಸುವ ಜಾವಾಸ್ಕ್ರಿಪ್ಟ್ ಅಲ್ಲೇ ನಿಂತು, ಬಟನ್ ಒತ್ತಿದರೂ ಏನೂ ಆಗುತ್ತಿರಲಿಲ್ಲ.

"ಬೇರೆ ಬ್ರೌಸರಲ್ಲೂ ನೋಡು ಅಂತ ಬಡ್ಕಂಡೆ. ನೋಡಿದೀನಿ ಅಂತ ಸುಳ್ಳೇಳ್ದೆ. ಈಗ ತಪ್ಪನ್ನ ಅವರ ಫೋನ್ ಮೇಲೆ ಆಕ್ತೀಯಾ?" ಎಂದು ಬಸವಕುಮಾರ್ ಮೇಲೆ ರೇಗಿದಳು.

ಕೋಮಲ ಬಟನ್‌ಗೆ ಒಂದು ಐಡಿ, ಅಂದರೆ ಗುರುತಿನ ಹೆಸರು, ಕೊಟ್ಟು, ಅದರಿಂದಲೇ ಹುಡುಕುವಂತೆ ಕೋಡ್ ತಿದ್ದಿದಳು. ಶಿವರತ್ನಮ್ಮ ಮತ್ತೆ ಒತ್ತಿದರು. ಟೋಕನ್ ಬಂತು.

"ತಪ್ಪಾಯ್ತು ಅನ್ನು ಅವರಿಗೆ" ಎಂದಳು ಕೋಮಲ. ಬಸವಕುಮಾರ್ ಗೊಣಗಿಕೊಂಡೇ ತಪ್ಪಾಯ್ತು ಅಂದ.

ಶಿವರತ್ನಮ್ಮನವರನ್ನು ಕ್ಲಿನಿಕ್‌ವರೆಗೆ ಬಿಟ್ಟು ಬಂದಮೇಲೂ ಅವಳ ಸಿಟ್ಟು ಇಳಿದಿರಲಿಲ್ಲ. ಅವನು ಮಾಡಿದ್ದ ಉಳಿದ ಪುಟಗಳನ್ನೂ ಹಳೆಯ ಬ್ರೌಸರ್‌ನಲ್ಲಿ ಒಂದೊಂದಾಗಿ ತೆರೆದು ನೋಡತೊಡಗಿದಳು.