ರೊಟ್ಟಿ ಬಡಿಯುತ್ತ ಕೇಳಿದ ಕಾದಂಬರಿ

ಬರುವ ವಾರ ಅವ್ವ ಊರಿಂದ ಬರುತ್ತಾಳೆಂದು ಚಿಕ್ಕ ಕೋಣೆಯನ್ನು ಖಾಲಿ ಮಾಡುತ್ತಿದ್ದೆ. ರಿಫೈನರಿ ಊರಾದ ರುವೈಸ್ ಬಿಟ್ಟು ದುಬೈಗೆ ಬಂದಾಗ ಕಟ್ಟಿದ್ದ ರಟ್ಟಿನ ಪೆಟ್ಟಿಗೆಯೊಂದು ಇನ್ನೂ ಹಾಗೇ ಕೂತಿತ್ತು. ಟೇಪು ಕಿತ್ತಕೂಡಲೇ ಗುರೆಳ್ಳು ಪುಡಿಯ ವಾಸನೆ ಬಂತು. ತಿನ್ನುವುದೇನೋ ಉಳಿದುಬಿಟ್ಟಿದೆಯೆಂದು ಕೈಹಾಕಿದರೆ ಸಿಕ್ಕಿದ್ದು ಇಂಗ್ಲಿಷ್ ಕಾದಂಬರಿ. ಇಟ್ಟಿಗೆಯಷ್ಟು ದಪ್ಪ, ಹೊದಿಕೆಯ ಮೇಲೆ ಮಂಜು ಕವಿದ ರೈಲುಹಳಿ, ಒಳಗಿನ ಪುಟಗಳಲ್ಲಿ ಎಣ್ಣೆಯ ಬೆರಳ ಗುರುತು. ಬೆರಳು ಅವ್ವನದು. ಇನ್ನೆಷ್ಟು ಉಳಿದಿದೆಯೆಂದು ದಿನಾ ತಿರುವಿ ನೋಡುತ್ತಿದ್ದಳು. ಇಂಗ್ಲಿಷ್ ಹಾಗಿರಲಿ, ಅವಳಿಗೆ ಕನ್ನಡ ಓದಲೂ ಬರುವುದಿಲ್ಲ. ಆದರೂ ಈ ಕಾದಂಬರಿಯನ್ನು ಅವಳಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಕ್ಕಿಲ್ಲ.

ನಾನು ಅದನ್ನು ಓದಲು ಹಿಡಿದ ಕಾರಣ ಅಂಥ ಘನವಾದುದೇನಲ್ಲ. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಗದಗಿನ ಹತ್ತಿ ಗಿರಣಿಯಲ್ಲಿ ಅಪ್ಪ ಹಮಾಲಿ ಮಾಡುತ್ತಿದ್ದ, ಅವ್ವ ಹತ್ತಿ ಆರಿಸುತ್ತಿದ್ದಳು. ಅವರ ದುಡಿಮೆಯ ಮೇಲೆ ಕೆಮಿಸ್ಟ್ರಿ ಓದಿ, ರುವೈಸಿನ ರಿಫೈನರಿ ಲ್ಯಾಬಿನಲ್ಲಿ ಕೆಲಸ ಹಿಡಿದೆ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಸಂಕೋಚ ಇದ್ದದ್ದು ಇಂಗ್ಲಿಷಿನದು. ಕಂಪನಿ ಬಸ್ಸಿನಲ್ಲಿ ಉಳಿದವರೆಲ್ಲ ದಪ್ಪ ದಪ್ಪ ಪುಸ್ತಕ ಹಿಡಿದು ಕೂರುವರು. ಕ್ಲಬ್ಬಿನ ಕಪಾಟಿನಲ್ಲಿ ಯಾರೋ ಬಿಟ್ಟುಹೋದವುಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದನ್ನು ನಾನೂ ಎತ್ತಿಕೊಂಡೆ. ಮೊದಲ ವಾರ ಓದಿದ್ದಕ್ಕಿಂತ ನಾಲ್ಕು ಜನಕ್ಕೆ ಕಾಣುವಂತೆ ಹಿಡಿದದ್ದೇ ಹೆಚ್ಚು.

ಅಪ್ಪ ತೀರಿಕೊಂಡ ಮೇಲೆ ಅವ್ವ ನೀಲವ್ವ ಎಂಬ ಹೆಸರಿನ ಪಾಸ್‌ಪೋರ್ಟ್ ಹಿಡಿದು, ಮೊದಲ ಸಲ ವಿಸಿಟ್ ವೀಸಾದ ಮೇಲೆ ರುವೈಸಿಗೆ ಬಂದಿದ್ದಳು. ಹೊರಗೆ ಕಾಲಿಡಲಾಗದ ಬಿಸಿಲು. ಶಿಫ್ಟ್ ಮುಗಿಸಿ ಬಂದ ನನ್ನ ಕೈಯಲ್ಲಿ ಪುಸ್ತಕ ಕಂಡು, "ಅಷ್ಟು ದಪ್ಪಂದರಾಗ ಏನ್ ಬರದಾರ? ಬಾಯಿಬಿಟ್ಟು ಹೇಳರ ಹೇಳ" ಅಂದಳು. ಹಾಗೆ ಶುರುವಾಯಿತು. ಅವಳು ರೊಟ್ಟಿ ಬಡಿಯುವುದು, ನಾನು ಕಥೆ ಹೇಳುವುದು.

ಕಥೆಯೋ ಎರಡು ಕಾಲದ್ದು. ಯುರೋಪಿನ ಒಂದು ಬಂದರಿನಲ್ಲಿ ಅಂಗಿ ಗುಂಡಿ ಮಾರುವ ಮುದುಕ. ಅವನ ಮೊಮ್ಮಗಳಿಗೆ ಹಳೆಯ ಫೋಟೊ ಸಿಗುತ್ತದೆ. ಅದರ ಹಿಂಬದಿಗೆ ಅಜ್ಜನ ಹೆಸರೇ ಇದೆ, ಮುಖ ಮಾತ್ರ ಅಜ್ಜನದಲ್ಲ. ಅಲ್ಲಿಂದ ಅವಳ ಬೆನ್ನಿಗೆ ಒಂದು ಕಪ್ಪು ಕಾರು. ನಡುನಡುವೆ ಮುದುಕ ಹುಡುಗನಾಗಿದ್ದ ಕಾಲ, ಯಹೂದಿಗಳನ್ನು ರೈಲಿಗೆ ತುಂಬಿ ಒಯ್ದು ಕೊಂದ ಕ್ಯಾಂಪು. ಅವ್ವ ಹೆಜ್ಜೆಹೆಜ್ಜೆಗೂ ತಡೆಯುವಳು: "ನಿಲ್ಲ, ಇದು ಅಂವ ಹುಡುಗ ಇದ್ದಾಗಿಂದೋ, ಮುದುಕ ಆದ ಮ್ಯಾಲಿಂದೋ?" ಕೊನೆಗೆ ಅವಳೇ ದಾರಿ ಹುಡುಕಿದಳು. ರೊಟ್ಟಿ ಬಡಿಯುವಾಗ ಹಿಂದಿನ ಕಥೆ. ಹಂಚಿಗೆ ಬಿದ್ದ ಮೇಲೆ ಈಗಿನದು. ಬರೆದವರು ಇದರ ಅರ್ಧದಷ್ಟೂ ಸಲೀಸಾಗಿ ಬರೆದಿರಲಿಲ್ಲ.

ರೊಟ್ಟಿ ಬಡಿಯುವ ಸದ್ದಿಗೆ ಕೆಳಗಿನ ಮನೆಯ ಫಿಲಿಪಿನೊ ನರ್ಸ್ ಬಂದು, ನೀವು ದಿನಾ ಮರಗೆಲಸ ಮಾಡುತ್ತೀರಾ ಎಂದು ವಿನಯದಿಂದ ಕೇಳಿದ್ದಳು. ಅವ್ವ ಬಿಸಿ ರೊಟ್ಟಿಗೆ ಎಣ್ಣೆ, ಗುರೆಳ್ಳು ಪುಡಿ ಸವರಿ ಕೈಗಿಟ್ಟಳು. ಆಮೇಲೆ ಸದ್ದು ಕೇಳದ ದಿನ ಆ ನರ್ಸೇ ಬಂದು ವಿಚಾರಿಸುತ್ತಿದ್ದಳು.

"ಅಷ್ಟು ಮಂದಿನ್ನ ಯಾಕ ಕೊಂದ್ರು?" ಎಂದು ಅವ್ವ ಒಮ್ಮೆ ಕೇಳಿದಳು.

"ಯಹೂದಿಗಳು ಅಂತ."

"ಅಷ್ಟಕ್ಕ?"

"ಅಷ್ಟಕ್ಕ."

ಅವ್ವ ಒಲೆ ಆರಿಸಿ, ಉಳಿದ ಹಿಟ್ಟನ್ನು ಮುಚ್ಚಿಟ್ಟಳು.

ಕಪ್ಪು ಕಾರಿನ ಬಗ್ಗೆ ಅವಳಿಗೆ ಕವಡೆಯಷ್ಟೂ ಆಸಕ್ತಿ ಇರಲಿಲ್ಲ. ನಾನು ಉಸಿರು ಬಿಗಿಹಿಡಿದು ಬೆನ್ನಟ್ಟುವುದನ್ನು ವರ್ಣಿಸಿದರೆ, "ಹೋಗಲಿ ಬಿಡು, ಪೆಟ್ರೋಲ್ ತೀರಿದ್ರ ತಾನಽ ನಿಲ್ತೈತಿ" ಅನ್ನುವಳು. ಅವಳಿಗೆ ಬೇಕಾದದ್ದು ಫೋಟೊದ ಹುಡುಗ. ಆ ಪುಟವೂ ಬಂತು. ಕ್ಯಾಂಪಿನಲ್ಲಿ ಕೆಲಸಕ್ಕೆ ಆರಿಸಿದವರ ಹೆಸರು ಕೂಗುತ್ತಾರೆ. ಹಿಂದಿನ ದಿನ ಸತ್ತ ಗೆಳೆಯನ, ಅಂದರೆ ಆ ಫೋಟೊದ ಹುಡುಗನ, ಹೆಸರು ಬರುತ್ತದೆ. ಮುಂದೆ ಅಜ್ಜನಾಗುವವನು "ನಾನೇ" ಅನ್ನುತ್ತಾನೆ. ಬದುಕುತ್ತಾನೆ. ಅಲ್ಲಿಂದ ಜೀವಮಾನವಿಡೀ ಅದೇ ಹೆಸರು.

ಹಂಚಿನ ಮೇಲೆ ರೊಟ್ಟಿ ಸೀಯಿತು. ಅವ್ವನ ಕೈಯಲ್ಲಿ ರೊಟ್ಟಿ ಸೀದದ್ದನ್ನು ನಾನು ಕಂಡಿರಲೇ ಇಲ್ಲ.

"ನೀಲವ್ವ ಅಂದ್ರ ನಾ ಅಲ್ಲವ್ವಾ" ಅಂದಳು. "ನೀಲವ್ವ ನಮ್ಮಕ್ಕ."

ಅವ್ವನ ಅಕ್ಕ ನಮ್ಮಪ್ಪನ ಮೊದಲ ಹೆಂಡತಿಯಂತೆ. ಹೆರಿಗೆಯಲ್ಲಿ ತಾಯಿ, ಕೂಸು ಇಬ್ಬರೂ ಹೋದರು. ಆಮೇಲೆ ತಂಗಿಯನ್ನೇ ಆ ಮನೆಗೆ ಕೊಟ್ಟರು. ರೇಷನ್ ಕಾರ್ಡಿನಲ್ಲಿ ಹೆಂಡತಿಯ ಹೆಸರು ನೀಲವ್ವ ಎಂದು ಇದ್ದೇ ಇತ್ತು. ಇನ್ನೊಂದು ಯಾಕೆ ಎಂದು ಅವ್ವನ ಅತ್ತೆ ಅಂದಳಂತೆ. "ಆಕಿ ಸೀರಿ ಉಟ್ಟೆ, ಆಕಿ ಹೆಸರೂ ಉಟ್ಟೆ. ಆಕಿ ಪಾಲಿನ ಊಟ ಉಣ್ಣಾಕತ್ತೇನಿ ಅಂತ ಈಗಲೂ ಒಮ್ಮೊಮ್ಮೆ ತುತ್ತು ಇಳಿಯಂಗಿಲ್ಲ." ತಾಳಿಯ ಜೊತೆಗಿದ್ದ ಪುಟ್ಟ ಬೆಳ್ಳಿ ಬಿಲ್ಲೆಯನ್ನು ಅಪ್ಪ ಹೋದ ಮೇಲೂ ಅವಳು ತೆಗೆದಿರಲಿಲ್ಲ, ಊಟಕ್ಕೆ ಮೊದಲು ಮುಟ್ಟಿಕೊಳ್ಳುತ್ತಿದ್ದಳು. ನಾನು ಎಲ್ಲಮ್ಮ ದೇವಿಯ ಬಿಲ್ಲೆ ಅಂದುಕೊಂಡಿದ್ದೆ. ಅದು ಅಕ್ಕ, ಸತ್ತ ಮೊದಲ ಹೆಂಡತಿಯ ನೆನಪಿಗೆ ಎರಡನೆಯವಳ ಕೊರಳಿಗೆ ಕಟ್ಟುವ ಬಿಲ್ಲೆ.

ಆ ಕ್ಯಾಂಪಿನ ಸಾವಿಗೂ ನಮ್ಮ ಮನೆಯ ಸಾವಿಗೂ ಹೋಲಿಕೆ ಮಾಡುವಷ್ಟು ದಡ್ಡಿ ನಾನಲ್ಲ, ಅವ್ವನೂ ಅಲ್ಲ. ಆದರೆ ಸತ್ತವರ ಹೆಸರಿನಲ್ಲಿ ಉಣ್ಣುವುದು ಎಂದರೇನೆಂದು ಅವಳಿಗೆ ಗೊತ್ತಿತ್ತು.

"ನಿನ್ನ ಹೆಸರೇನು ಮತ್ತ?" ಅಂದೆ. ತಾಯಿಗೆ ಮಗಳು ಕೇಳುವ ಪ್ರಶ್ನೆಯೇ ಅದು?

"ಸುಂದ್ರವ್ವ" ಅಂದು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. "ಈ ಮಾರಿಗೆ."

ಓದಿದವಳಲ್ಲವೇ ನಾನು, ತಕ್ಷಣ ಎದ್ದೆ. ಅಫಿಡವಿಟ್ ಮಾಡಿಸೋಣ, ಪಾಸ್‌ಪೋರ್ಟ್ ತಿದ್ದಿಸೋಣ, ನನ್ನ ಅಂಕಪಟ್ಟಿಯಲ್ಲೂ ತಾಯಿಯ ಹೆಸರು ತಪ್ಪೇ ಇದೆ ಎಂದು ಶುರುಮಾಡಿದೆ. ಅವ್ವ ಸೀದ ರೊಟ್ಟಿ ಮುರಿಯುತ್ತ ಅಂದಳು: "ಏನೂ ಬ್ಯಾಡ. ಇರೂ ಒಂದು ಹೆಸರೂ ತಗದ್ರ ಅಕ್ಕ ಇನ್ನೊಮ್ಮೆ ಸಾಯ್ತಾಳ. ಕೂಸು ಕಾಣದ ಹ್ವಾದ್ಲು, ನಿನ್ನ ಡಿಗ್ರಿ ಕಾಗದದಾಗರ ತಾಯಿ ಅನ್ನಿಸ್ಕೊಳ್ಳಲಿ. ನೀ ಇಷ್ಟು ಹೇಳ, ಆ ಮುದುಕ ಮೊಮ್ಮಗಳಿಗೆ ಖರೇ ಹೇಳಿದ್ನೋ ಇಲ್ಲೋ?"

ನಾನಿನ್ನೂ ಅಲ್ಲಿಗೆ ತಲುಪಿರಲಿಲ್ಲ. ಅವಳು ಹೊರಡುವ ಮುನ್ನ ಮುಗಿಸಬೇಕೆಂದು ಬಸ್ಸಿನಲ್ಲಿ, ಲ್ಯಾಬಿನ ಬಿಡುವಿನಲ್ಲಿ ಓದಿದೆ. ಹೊದಿಕೆ ಯಾರಿಗೆ ಕಾಣುತ್ತದೆನ್ನುವುದು ಮರೆತೇಹೋಗಿತ್ತು. ಮುದುಕ ಹೇಳಲಿಲ್ಲ. ಹೇಳದೆಯೇ ಸತ್ತ; ಮೊಮ್ಮಗಳಿಗೆ ಪರರ ಬಾಯಿಂದ ತಿಳಿಯಿತು. ಕೊನೆಯನ್ನು ಬದಲಿಸಿ ಹೇಳಿಬಿಡಲೇ ಎಂದು ಒಂದು ದಿನವೆಲ್ಲ ಯೋಚಿಸಿದೆ. ಆಮೇಲೆ ಇದ್ದದ್ದನ್ನೇ ಹೇಳಿದೆ.

ಅವ್ವ ಹಿಟ್ಟಿನ ಕೈ ಒರೆಸಿಕೊಂಡಳು. "ಪಾಪ. ಅಂವಗ ರೊಟ್ಟಿ ಬಡಿಯೂ ಹೊತ್ತಿಗೆ ಕುಂತು ಕೇಳವ್ರು ಸಿಗಲಿಲ್ಲ" ಅಂದಳು. ಅವತ್ತು ಒಂದು ರೊಟ್ಟಿ ಹೆಚ್ಚೇ ಉಂಡಳು. ತುತ್ತು ಇಳಿಯುವುದನ್ನು ನಾನು ನೋಡುತ್ತಲೇ ಇದ್ದೆ.

ಪೆಟ್ಟಿಗೆಯ ಮುಂದೆ ಕೂತು ಇಷ್ಟನ್ನೂ ನೆನೆಯುವಷ್ಟರಲ್ಲಿ ಮಗಳು ಬಂದಳು. ಏರ್‌ಪೋರ್ಟಿಗೆ ಒಯ್ಯಲು ಅಜ್ಜಿಯ ಹೆಸರಿನ ರಟ್ಟು ಮಾಡುತ್ತಿದ್ದಾಳೆ; ಅಜ್ಜಿಗೆ ಎರಡು ಹೆಸರೆಂಬುದು ಅವಳಿಗೂ ಗೊತ್ತು. ಕನ್ನಡ ಅಕ್ಷರ ಶನಿವಾರದ ಕ್ಲಾಸಿನಲ್ಲಿ ಕಲಿತದ್ದು, ಮಾತಿಗೆ ಉತ್ತರ ಮಾತ್ರ ಇಂಗ್ಲಿಷಿನಲ್ಲೇ.

"ಅಮ್ಮಾ, ವಿಚ್ ನೇಮ್?"

ಎರಡೂ ಬರಿ ಅಂದೆ. ಒಂದು ಬದಿಗೆ ನೀಲವ್ವ, ಇನ್ನೊಂದು ಬದಿಗೆ ಸುಂದ್ರವ್ವ ಎಂದು ಬರೆದಳು. ಒತ್ತಕ್ಷರ ಸ್ವಲ್ಪ ಜಾರಿದೆ, ಪರವಾಗಿಲ್ಲ. ಅವ್ವ ಹೇಗೂ ಅದರ ಮುಂದೆ ನಿಂತು, ಏನ್ ಬರದೀರಿ, ಬಾಯಿಬಿಟ್ಟು ಹೇಳ್ರಿ ಅನ್ನುತ್ತಾಳೆ. ಓದಿ ಹೇಳಲು ಈಗ ಮನೆಯಲ್ಲಿ ಇಬ್ಬರಿದ್ದೇವೆ.